ಕರಗದ ಗಂಟು, ಕೊಡದ ಮುಡಿ

ನಮ್ಮ ಯಜಮಾನರು ಆವುಲಪ್ಪನವರಿಗೆ ಆ ಗಂಟು ಸಿಕ್ಕಿದ್ದು ಹಿಪ್ಪುನೇರಳೆ ತೋಟದಲ್ಲಿ. ಸೊಪ್ಪಿನ ಮಂಕರಿಯನ್ನು ತಲೆಗೆತ್ತಿಕೊಳ್ಳುವಾಗ ಕೈ ಕಿವಿಯ ಹಿಂದೆ ಕುತ್ತಿಗೆಗೆ ತಾಗಿತಂತೆ. ಮಂಕರಿಯನ್ನು ಬದುವಿನ ಮೇಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದರು. ತಟ್ಟೆಗಳಲ್ಲಿ ರೇಷ್ಮೆ ಹುಳ ಹಸಿದು ತಲೆ ಎತ್ತಿಕೊಂಡಿವೆ, ಇವರು ಗೋಡೆಗೆ ಒರಗಿ ಕುತ್ತಿಗೆ ಒತ್ತಿಕೊಳ್ಳುತ್ತಾ ಕೂತಿದ್ದಾರೆ. ಮುಟ್ಟಿ ನೋಡಿದೆ. ತೊಗರಿಕಾಳಿನಷ್ಟು ಏನೋ ಬೆರಳಿನ ಕೆಳಗೆ ಜಾರಿತು. ಹಿಂದಿನ ವಾರವಷ್ಟೇ ನೆಗಡಿಯಾಗಿ ಮೂಗು ಸುರಿಸಿಕೊಂಡು ಓಡಾಡಿದ್ದರು. ನೆಗಡಿ ಗಂಟು, ತಾನಾಗಿ ಹೋಗುತ್ತೆ ಅಂದು ನಾನೇ ತೋಟಕ್ಕೆ ಹೋಗಿ ಸೊಪ್ಪು ತಂದೆ. ಹುಳ ಹಸಿದಿದ್ದರೆ ಯಮನೇ ಬಂದು ಬಾಗಿಲಲ್ಲಿ ನಿಂತರೂ ಸ್ವಲ್ಪ ಇರಪ್ಪ ಅನ್ನುವವಳು ನಾನು.

ಇವರ ಭಯಕ್ಕೆ ಕಾರಣ ಇರಲಿಲ್ಲ ಅಂತ ಹೇಳುವುದಿಲ್ಲ. ನಗರಗೆರೆಯಲ್ಲಿ ಇವರ ಚಿಕ್ಕಪ್ಪನ ಮಗ ಮುನಿಗಂಗಪ್ಪ ಕುತ್ತಿಗೆಯಲ್ಲಿ ಗಡ್ಡೆ ಎದ್ದೇ ತೀರಿಕೊಂಡಿದ್ದ. ಆದರೆ ಅವನದು ನಿಂಬೆಹಣ್ಣಿನಷ್ಟಿತ್ತು, ಕಲ್ಲಿನಂತಿತ್ತು, ಮನುಷ್ಯ ಕಡ್ಡಿಯಾಗಿಬಿಟ್ಟಿದ್ದ. ನಮ್ಮವರು ಎರಡು ಮುದ್ದೆ ಉಂಡು ಮೂರನೆಯದಕ್ಕೆ ಸಾರು ಕೇಳುತ್ತಿದ್ದರು. ಎಡಗೈ ಮಾತ್ರ ಉಣ್ಣುವಾಗಲೂ ಕುತ್ತಿಗೆ ಬಿಡುತ್ತಿರಲಿಲ್ಲ.

ಪಂಚೆಯ ಸೆರಗಿಗೆ ಒಂದು ತೊಗರಿಕಾಳು ಕಟ್ಟಿಕೊಂಡರು. ಒಂದು ಕೈಯಲ್ಲಿ ಕಾಳು ಒತ್ತುವುದು, ಇನ್ನೊಂದು ಕೈಯಲ್ಲಿ ಗಂಟು ಒತ್ತುವುದು, ಯಾವುದು ದಪ್ಪ ಅಂತ ಕಣ್ಣು ಮುಚ್ಚಿ ಯೋಚಿಸುವುದು. ಪಂಚೆ ಒಗೆಯುವಾಗ ಕಾಳು ಉದುರಿಹೋಯಿತು ಅಂತ ಬೇರೆ ಕೊಟ್ಟರೆ, ಮೊದಲಿನದು ಇದಕ್ಕಿಂತ ಸಣ್ಣದಿತ್ತು ಅಂತ ನನ್ನ ಮೇಲೆ ಜಗಳ. ಹೀಗೆ ದಿನವಿಡೀ ಒತ್ತಿದರೆ ನೋವಾಗದೆ ಇರುತ್ತದೆಯೇ? ನೋವಾಯಿತು. ನೋವಾಯಿತಲ್ಲ, ಇದು ಅದೇ ಅಂದರು.

ಒಂದು ಶನಿವಾರ ನನ್ನನ್ನು ಒಂದು ಮಾತೂ ಕೇಳದೆ ವೆಂಕಟರಮಣಸ್ವಾಮಿ ಪಟದ ಮುಂದೆ ಹರಕೆ ಹೊತ್ತುಬಿಟ್ಟರು. ನಯಾಪೈಸೆ ಬಂದ ಹೊಸತು. ಹೊಳೆಯುವ ಒಂದು ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ಪಟಕ್ಕೆ ಕಟ್ಟಿದರು. ಕುತ್ತಿಗೆಯ ಗಂಟು ಕರಗುವವರೆಗೆ ತಲೆಗೆ ಕತ್ತಿ ಮುಟ್ಟಿಸುವುದಿಲ್ಲ, ಎಣ್ಣೆ ಬಾಚಣಿಗೆ ಸೋಕಿಸುವುದಿಲ್ಲ. ಕರಗಿದ ದಿನ ಆಲಂಬಗಿರಿಯ ನಿನ್ನ ಗುಡಿಗೆ ಬಂದು ಮುಡಿ ಕೊಡುತ್ತೇನೆ. ಇಷ್ಟು ಹೇಳಿ ಅಡ್ಡಬಿದ್ದು ಎದ್ದರು, ಎದ್ದವರೇ ಗಂಟು ಒತ್ತಿ ನೋಡಿಕೊಂಡರು.

ಸಂಕ್ರಾಂತಿ ಹೊತ್ತಿಗೆ ರುಮಾಲಿನ ಕೆಳಗೆ ಕಾಗೆಗೂಡು. ಗೂಡೆಂದ ಮೇಲೆ ಒಕ್ಕಲು ಇರಲೇಬೇಕಲ್ಲ, ಹೇನು ಬಿದ್ದವು. ಬಿದಿರಿನ ಸೀಳೊಂದನ್ನು ರುಮಾಲಿನೊಳಗೆ ತೂರಿಸಿ ಹಗಲೆಲ್ಲ ಕೆರೆದುಕೊಳ್ಳುತ್ತಿದ್ದರು. ದಿಂಬಿನ ಬಟ್ಟೆಯಲ್ಲಿ ರಕ್ತದ ಚುಕ್ಕೆ, ಕೀವಿನ ಕಲೆ. ಸೀತಾಫಲದ ಬೀಜ ಅರೆದು ಹಚ್ಚೋಣವೆಂದರೆ ಮನೆ ತುಂಬ ರೇಷ್ಮೆ ಹುಳ. ಹೇನಿಗೆ ವಿಷವಾಗಿದ್ದು ಹುಳಕ್ಕೆ ಅಮೃತವಾಗುತ್ತದೆಯೇ? ಅಂಥದ್ದೇನನ್ನೂ ನಮ್ಮಂಥವರ ಮನೆ ಹೊಸಿಲು ದಾಟಿಸುವುದಿಲ್ಲ. ಆಚೆ ಹೊಂಗೆ ಮರದ ಕೆಳಗೆ ಹಚ್ಚುತ್ತೇನೆ ಬನ್ನಿ ಅಂದರೆ ಹರಕೆಯ ತಲೆ, ಮುಟ್ಟಬೇಡ ಅಂದರು. ಅಷ್ಟರಲ್ಲಿ ತೊಗರಿ ಅವರೆಯಾಗಿತ್ತು, ಪಕ್ಕದಲ್ಲಿ ಇನ್ನೆರಡು ಸಣ್ಣವು ಕೈಗೆ ಸಿಕ್ಕವು. ಮರಿ ಹಾಕಿದೆ ನೋಡು ಅಂತ ನನಗೆ ತೋರಿಸಿದರು. ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಎಳೆದುಕೊಂಡು ಚಿಂತಾಮಣಿಗೆ ಹೋದೆ. ಅಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ಬಾಯಿ ತೆಗೆಸಿ ಹಲ್ಲು ನೋಡಿದರು, ಗಂಟಲು ನೋಡಿದರು, ಕಂಕುಳು ಮುಟ್ಟಿದರು, ಕೊನೆಗೆ ರುಮಾಲು ತೆಗೆಯಿರಿ ಅಂದರು. ಇವರು ರುಮಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹರಕೆಯ ಕಥೆ ಹೇಳಿದರು. ಡಾಕ್ಟರು ನನ್ನ ಮುಖ ನೋಡಿದರು. ಹೇನು, ಗಾಯ, ಕೀವು ಎಲ್ಲ ನಾನೇ ಒದರಿದೆ.

“ತಲೇಲಿ ಹುಣ್ಣಿದ್ರೆ ಕುತ್ತಿಗೇಲಿ ಗಂಟು ಕಟ್ಟೇ ಕಟ್ಟುತ್ತೆ. ತಲೆ ಬೋಳಿಸಿ, ಮುಲಾಮು ಹಚ್ಚಿ, ಒತ್ತೋದು ನಿಲ್ಸಿ. ಆಮೇಲೂ ಇದ್ರೆ ಬನ್ನಿ, ನೋಡಣ” ಅಂದರು ಡಾಕ್ಟರು.

ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಿಗಾದರೂ ಸಮಾಧಾನವಾಗಬೇಕು. ಬಸ್ಸಿನಲ್ಲಿ ಇವರು ಕಿಟಕಿ ಕಡೆ ಮುಖ ಮಾಡಿಕೊಂಡು, ವಾಸಿಯಾಗದ ಕಾಯಿಲೆಯಾದರೆ ಡಾಕ್ಟರು ರೋಗಿಯ ಮುಂದೆ ಹೇಳುವುದಿಲ್ಲ, ಮುನಿಗಂಗಪ್ಪನಿಗೂ ಮೊದಲು ಏನೂ ಇಲ್ಲ ಅಂದೇ ಹೇಳಿದ್ದು ಅಂದರು. ಶಿಡ್ಲಘಟ್ಟದಲ್ಲಿ ಇಳಿಯುವವರೆಗೆ ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಬಸ್ಸಿನವರೆಲ್ಲ ಕೇಳುವ ಹಾಗೆ ಮಾತಾಡಬೇಕಿತ್ತು.

ಅಲ್ಲಿಯವರೆಗೂ ಇದು ತಮಾಷೆಯಾಗೇ ಇತ್ತು ಅನ್ನಿ. ಮಾರನೆಯ ದಿನ ನಗರಗೆರೆಯಲ್ಲಿದ್ದ ಅಕ್ಕನಿಗೆ ಹೇಳಿ ಕಳಿಸಿದರು. ಕಣ್ಣು ಮುಚ್ಚುವುದರೊಳಗೆ ಮಗಳ ಮದುವೆ ನೋಡಬೇಕಂತೆ. ನಮ್ಮ ಶ್ಯಾಮಲ ಆಗ ಎಸ್ಸೆಲ್ಸಿ. ನಮ್ಮ ಊರಿಂದ ಶಿಡ್ಲಘಟ್ಟದ ಹೈಸ್ಕೂಲಿಗೆ ನಡೆದು ಹೋಗಿ ಓದಿದ ಮೊದಲನೇ ಹುಡುಗಿ ಅವಳು. ಹುಳಕ್ಕೆ ಸೊಪ್ಪು ಹಾಕುತ್ತಾ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡಿರುತ್ತಿದ್ದಳು. ಪರೀಕ್ಷೆ ಇದ್ದದ್ದು ಮಾರ್ಚಿಯಲ್ಲಿ. ಇವರ ಅಕ್ಕ ಕದಿರಮ್ಮ ಬಂದು, ತಮ್ಮನ ತಲೆ ನೋಡಿ “ಅಯ್ಯೋ ನಾ ತಮ್ಮುಡಾ” ಅಂತ ಅತ್ತು, ಕಣ್ಣೊರೆಸಿಕೊಂಡವರೇ ಮಗ ವೆಂಕಟೇಶನಿಗೆ ಮಾಘದಲ್ಲೇ ದಿನ ಗೊತ್ತು ಮಾಡಿಬಿಟ್ಟರು. ಹುಡುಗ ಕೆಟ್ಟವನಲ್ಲ. ಆದರೆ ನನ್ನ ಮಗಳು ಪರೀಕ್ಷೆ ಬರೆಯದೆ ಸೊಸೆಯಾಗಿ ಹೋಗುವುದು ನನಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಶ್ಯಾಮಲ ಅಪ್ಪನ ಕುತ್ತಿಗೆಯನ್ನೊಮ್ಮೆ ನೋಡಿ ಪುಸ್ತಕಗಳನ್ನು ಜೋಡಿಸಿ ಅಟ್ಟಕ್ಕೆ ಹಾಕಿದಳು.

ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ನನ್ನ ಅಕ್ಕತಂಗಿಯರ ಜೊತೆಗಿನ ಜಗಳದಲ್ಲೂ ನಾನು ಅಷ್ಟು ಕೂಗಿರಲಿಲ್ಲ. ಕೂದಲಿರುವವರೆಗೆ ಗಂಟು ಹೋಗುವುದಿಲ್ಲ, ಗಂಟು ಹೋಗುವವರೆಗೆ ನೀವು ಕೂದಲು ಕೊಡುವುದಿಲ್ಲ, ಆ ವೆಂಕಟರಮಣ ತಾನೇ ಏನು ಮಾಡಬೇಕು, ಅವನಿಗೊಂದು ದಾರಿ ಬಿಟ್ಟಿದ್ದೀರಾ ಅಂತ ಕೇಳಿದೆ. ಮುಡಿ ಮುಂಗಡವಾಗಿ ಕೊಟ್ಟರೆ ಬೇಡ ಅಂತಾನೆಯೇ ಅಂದೆ. ಇವರು ಮಾತ್ರ ಸಾವಧಾನವಾಗಿ, ಮಾತು ತಪ್ಪಿದರೆ ಅವನು ಎರಡರಷ್ಟು ಕಾಯಿಲೆ ಕೊಡುತ್ತಾನೆ ಅಂದರು. ಆಗ ನಾನು ಕೈಕಾಲು ತೊಳೆದುಕೊಂಡು ಬಂದು, ಪಟಕ್ಕೆ ಕಟ್ಟಿದ್ದ ಅರಿಶಿನದ ಬಟ್ಟೆಯನ್ನು ಮುಟ್ಟಿಕೊಂಡು ನಿಂತೆ.

“ಸ್ವಾಮಿ, ಈ ಮನುಷ್ಯನ ಹರಕೇಲಿ ಏನಾದ್ರೂ ತಪ್ಪಾದ್ರೆ ಅದು ನನಗೇ ಬರ್ಲಿ. ಅವರನ್ನ ಬಿಟ್ಬಿಡು” ಅಂದೆ.

ಹಿಂದೆ ತಿರುಗಿ ನೋಡುತ್ತೇನೆ, ಇವರು ಆಗಲೇ ಹೆಗಲಿಗೆ ಟವೆಲು ಹಾಕಿಕೊಂಡು ಹೊರಟು ನಿಂತಿದ್ದಾರೆ. ಬೇಡ ಕಣೇ, ನಿನಗ್ಯಾಕೆ ಬರಬೇಕು ಅಂತ ಬಾಯಿಮಾತಿಗಾದರೂ ಒಂದು ಸಲ ಅನ್ನಬಾರದೇ? ಅನ್ನಲಿಲ್ಲ ಪುಣ್ಯಾತ್ಮ. ಆಲಂಬಗಿರಿವರೆಗೂ ಬಸ್ಸಿನಲ್ಲಿ ಅದೇ ನನ್ನನ್ನು ಕೊರೆಯಿತು.

ಕ್ಷೌರದವನು ಮೂಗು ಮುಚ್ಚಿಕೊಂಡೇ ಕತ್ತಿ ಆಡಿಸಿದ. ಬೋಳು ತಲೆಯ ಹಿಂಭಾಗವೆಲ್ಲ ಹುಣ್ಣು. ನಾನು ಮುಲಾಮು ಹಚ್ಚಿದೆ, ಕುತ್ತಿಗೆಗೆ ಕೈ ಹೋದಾಗೆಲ್ಲ ಕೈಗೆ ಸೊಪ್ಪಿನ ಮಂಕರಿ ಕೊಟ್ಟೆ. ಹುಣ್ಣು ಒಣಗಿತು. ಅವರೆ ತೊಗರಿಯಾಯಿತು, ತೊಗರಿ ರಾಗಿಯಾಯಿತು, ಆಮೇಲೆ ಹುಡುಕಿದರೂ ಸಿಗಲಿಲ್ಲ. ನೋಡಿದೆಯಾ ಸ್ವಾಮಿ ಮಹಿಮೆ ಅಂದರು. ಹೌದು ಅಂದೆ. ಡಾಕ್ಟರ ಹೆಸರು ಎತ್ತಲಿಲ್ಲ, ನನಗೆ ಬೇಕಾಗಿದ್ದು ಮುಂದಿನ ಮಾತು. ಅದನ್ನು ಅವರೇ ಅಕ್ಕನಿಗೆ ಹೇಳಿದರು: “ಮಗು ಪರೀಕ್ಷೆ ಬರೀಲಿ ಬಿಡಕ್ಕಾ. ನಾನೇನು ಇವತ್ತೇ ಹೋಗ್ತೀನಾ?” ಶ್ಯಾಮಲ ಅಟ್ಟದಿಂದ ಪುಸ್ತಕ ಇಳಿಸಿದಳು. ನಾನು ಅವತ್ತು ಒಬ್ಬಟ್ಟು ಮಾಡಿದೆ.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ನನ್ನ ತಲೆ ತುರಿಸಿತು. ಕೆರೆದುಕೊಳ್ಳುತ್ತಾ ಇದ್ದ ಕೈ ಕುತ್ತಿಗೆಗೆ ಇಳಿಯಿತು. ಕಿವಿಯ ಹಿಂದೆ, ತೊಗರಿಕಾಳಿನಷ್ಟು.

ಹೇನು ಅಂತ ನನಗೆ ಗೊತ್ತು. ಒಂದೇ ಚಾಪೆ, ಒಂದೇ ದಿಂಬು, ಬರದೆ ಇನ್ನೇನು? ಡಾಕ್ಟರು ಹೇಳಿದ್ದು ಅಕ್ಷರ ಅಕ್ಷರವೂ ನೆನಪಿದೆ. ಆದರೆ ಪಟದ ಮುಂದೆ ನಿಂತು ನಾನು ಹೇಳಿದ್ದೂ ನೆನಪಿದೆ. ನನಗೇ ಬರಲಿ ಅಂದಿದ್ದೆನಲ್ಲ. ಯಾರಿಗೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ತೊಗರಿಕಾಳು ತೆಗೆದುಕೊಂಡೆ. ಒಂದು ಕೈಯಲ್ಲಿ ಅದನ್ನು ಒತ್ತಿದೆ, ಇನ್ನೊಂದರಲ್ಲಿ ಇದನ್ನು ಒತ್ತಿದೆ. ಕಾಳೇ ಸಣ್ಣದು ಅನ್ನಿಸಿತು.

ಜಗಲಿಯಲ್ಲಿ ಇವರು ಬೋಳು ತಲೆ ಸವರಿಕೊಂಡು ಯಾರಿಗೋ ಕಾಯಿಲೆಗೆ ಹೆದರಬಾರದು ಅಂತ ಬುದ್ಧಿ ಹೇಳುತ್ತಿದ್ದರು. ಶ್ಯಾಮಲ ದೀಪದ ಹತ್ತಿರ ಲೆಕ್ಕ ಬಿಡಿಸುತ್ತಿದ್ದಳು. ಪರೀಕ್ಷೆಗೆ ಇನ್ನು ಕೆಲವೇ ದಿನ. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಬಾಯಿಂದ ಬಂದ ಮಾತು ನನ್ನದೇ ಅಂತ ನನಗೇ ನಂಬಿಕೆಯಾಗಲಿಲ್ಲ.

“ಶ್ಯಾಮಲಾ, ನಿಮ್ಮತ್ತೆ ಮಗ ವೆಂಕಟೇಶ ಅಷ್ಟೇನೂ ಕೆಟ್ಟೋನಲ್ಲ, ಅಲ್ವೇನಮ್ಮ?”

ಅವಳು ನನ್ನ ಮುಖ ನೋಡಿದಳು. ಮುಚ್ಚಿದ ನನ್ನ ಮುಷ್ಟಿ ನೋಡಿದಳು, ಕಿವಿಯ ಹಿಂದಿದ್ದ ಇನ್ನೊಂದು ಕೈ ನೋಡಿದಳು. ಪುಸ್ತಕ ಮುಚ್ಚಿಟ್ಟು ಎದ್ದುಹೋದಳು. ನನ್ನ ಮಾತಿಗೆ ಎಲ್ಲಿ ಮತ್ತೆ ಪುಸ್ತಕ ಅಟ್ಟಕ್ಕೆ ಹಾಕುತ್ತಾಳೋ ಅಂತ ಹೆದರಿದೆ. ಹೇನು ತೆಗೆಯುವ ಸೀರಣಿಗೆ ಹಿಡಿದುಕೊಂಡು ಬಂದು ನನ್ನ ಹಿಂದೆ ಕೂತಳು, ನನ್ನ ಮುಷ್ಟಿ ಬಿಡಿಸಿ ಆ ಕಾಳನ್ನು ತೆಗೆದು ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದಳು.

“ತಲೆ ಬಗ್ಸಮ್ಮ” ಅಂದಳು.