ಶುಂಠಿ ಮಡಿಗೆ ಗದ್ದೆ ನೀರು

ಫ್ಯಾನು ಒಂದು ಕಡೆಗೆ ವಾಲಿಕೊಂಡು ಟಕ್ ಟಕ್ ಅನ್ನುತ್ತಿದೆ, ಅದೂ ನನ್ನ ಹಾಗೇ ಫೈನಲ್ ಇಯರ್ ಇರಬೇಕು ಅಂದುಕೊಂಡಳು ಭವ್ಯಶ್ರೀ — ಹಾಸನದ ಕಾಲೇಜಿನ ಈ ಲ್ಯಾಬಿನಲ್ಲಿ ಮೂರು ಬಕೆಟ್ಟು, ಮೂರು ಪೈಪು, ಮೂರು ವಾಲ್ವು, ಅವಕ್ಕೆ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರ್ ಭಾಷೆ, ಅದನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್ ಇವಳೇ ಬರೆದದ್ದು, ಪಾಸೋ ಫೇಲೋ ಇವತ್ತೇ ತೀರ್ಮಾನ. ಗೈಡು ಪಟ್ಟಾಭಿರಾಮ ಸರ್ ಪಕ್ಕದಲ್ಲಿ ಪಿಸುಗುಡುತ್ತಿದ್ದಾರೆ, ನೋಡಮ್ಮ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬರೋದ್ರೊಳಗೆ ನಿನ್ನ ಭಾಷೆಯ ಸ್ವಿಚ್ಚನ್ನ, ಅದೇ ಯಾವ ವಾಲ್ವು ಅಂತ ಆರಿಸೋದನ್ನ, ಮೊದಲಿದ್ದ ಹಾಗೇ ಮಾಡ್ಬಿಡು, ಬ್ರೇಕ್ ಅನ್ನೋ ಪದ ಸಿಗೋವರೆಗೂ ಒಂದು ವಾಲ್ವಿನ ಕೇಸಿಂದ ಮುಂದಿನ ಕೇಸಿಗೆ ಜಾರಬೇಕು, ಪುಸ್ತಕದಲ್ಲಿ ಹಾಗೇ ಇರೋದು, ಜಗತ್ತೇ ಹಾಗೆ ಮಾಡ್ತಿದೆ — ಮಾಡಲಿ ಸಾರ್, ಜಗತ್ತು ಶುಂಠಿ ಬೆಳೆದಿಲ್ಲ. ಮೊದಲು ಹಾಗೇ ಬರೆದಿದ್ದಳಲ್ಲ, ಹೊಳೆನರಸೀಪುರದ ಗದ್ದೆಬಯಲಿನ ಹುಡುಗಿ, ಮೇಲಿನ ಗದ್ದೆ ತುಂಬಿದರೆ ನೀರು ಕೆಳಗಿನದಕ್ಕೆ ತಾನೇ ಇಳಿಯುತ್ತದೆ, ಭತ್ತಕ್ಕದು ಹಬ್ಬ — ಅದೇ ಬುದ್ಧಿಯನ್ನು ಅರಕಲಗೂಡಿನ ಸಿದ್ದೇಶ ಮಾವನ ಶುಂಠಿ ಹೊಲದ ವಾಲ್ವುಗಳಿಗೂ ತುಂಬಿದಳು, ತಾನು ಬರೆದ ಅಪ್ಪಣೆಯ ಕೊನೆಗೆ ಬ್ರೇಕ್ ಬರೆಯಲು ಮಾವ ಮರೆತ, ಮರೆಯದೆ ಏನು, ಬೈಕಿಗೇ ಹಾಕದವನು ಇಲ್ಲಿ ಹಾಕುತ್ತಾನೆಯೇ, ಒಣಗಿದ ಮಡಿಗೆ ಬಿಟ್ಟ ನೀರು ಒದ್ದೆ ಮಡಿಗಳಿಗೂ ಜಾರಿ ಗೆಡ್ಡೆಯೆಲ್ಲ ಕೊಳೆತು ನಾತ. ಏನವ್ವಾ, ನಿನ್ ಕಂಪೂಟ್ರು ನಾಟಿ ಮಾಡಕ್ ಬಂದಿತ್ತಾ ಅಂದ ಮಾವ, ಅತ್ತೆ ಒಳಗಿಂದಲೇ, ಓದ್ಸಿದ್ದು ಸಾಕು, ಒಂದ್ ಗಂಡು ನೋಡ್ಬುಡಿ ಅತ್ಲಾಗೆ. ನೋಡ್ಲಿ, ಗಂಡು ನೋಡೋದರೊಳಗೆ ಇವಳು ಸ್ವಿಚ್ಚನ್ನೇ ಬಿಚ್ಚಿ ಹೊಸದಾಗಿ ಕಟ್ಟಿದಳು, ಕೇಸು ಮುಗಿದಲ್ಲೇ ನಿಲ್ಲಬೇಕು, ಮುಂದಕ್ಕೆ ಹೋಗುವ ಆಸೆಯಿದ್ದರೆ ಬಾಯಿಬಿಟ್ಟು ಕೇಳಬೇಕು. ವೇರಿಯಬಲ್ಲೂ ಅಷ್ಟೇ, ಮೊದಲೇ ಹೇಳದ ಹೆಸರು ಬಂದರೆ ಸೊನ್ನೆ ಅಂತ ಇಟ್ಕೊಂಡು ನಡೆಸಮ್ಮ ಎಂದಿದ್ದರು ಸರ್ — ಯಾಕೆ ಸಾರ್, ನಮ್ಮೂರಲ್ಲಿ ಯಾರ ಪೈಕಿ ಅಂತ ಕೇಳದೆ ಮಣೆಯೇ ಹಾಕಲ್ಲ. ಬಂದರು, ಎಕ್ಸ್‌ಟರ್ನಲ್ ಮೇಡಂ, ಚನ್ನರಾಯಪಟ್ಟಣದವರಂತೆ, ಪರದೆಯ ಮೇಲೆ ಕಣ್ಣು ಹಾಯಿಸಿದವರೇ, ಬ್ರೇಕ್ ಎಲ್ಲಮ್ಮ, ಸರ್ ಕೂಡಲೇ, ಮರೆತಿದ್ದಾಳೆ ಮೇಡಂ, ಈಗ ಹಾಕ್ತಾಳೆ — ಮರ್ತಿಲ್ಲ ಮೇಡಂ, ಬೇಕಂತ್ಲೇ ಬಿಟ್ಟಿದೀನಿ. ಬಾಯಿಂದ ಬಂದೇಬಿಟ್ಟಿತು, ಅಂಕ ಹೋದರೆ ಹೋಗಲಿ, ಎಂಟರ್ ಒತ್ತಿದಳು, ಮೊದಲ ವಾಲ್ವು ತೆರೆಯಿತು, ಬಕೆಟ್ಟು ತುಂಬಿತು, ವಾಲ್ವು ಮುಚ್ಚಿತು, ಎರಡನೆಯ ಪೈಪಿನ ಬಾಯಲ್ಲಿ ಬೆಳಗಿನ ಟ್ರಯಲ್ಲಿನ ಹಳೆಯದೊಂದು ಹನಿ, ಮೇಡಂ ಬಗ್ಗಿದರು, ಸರ್ ಅವರಿಗಿಂತ ಬಗ್ಗಿದರು, ಹಿಂದೆ ಇನ್ನೊಂದು ಬಂದು ತಳ್ಳಿದರೆ ತಾನೇ ಇದು ಬೀಳೋದು, ಬಾ ನೋಡೋಣ, ಹನಿ, ತೂಗುವ ಹನಿ, ಬೀಳದ ಹನಿ —