ಸಿಸ್ಟರಿಗೆ ಮುಖ ತೋರಿಸುವುದು

ಖಾಜಾ ಮಿಯಾನ ಚಿಕನ್ ಅಂಗಡಿಯ ಹಿಂದೆ, ಪುಕ್ಕ ಕರುಳು ತುಂಬಿದ ನೀಲಿ ಡ್ರಮ್ಮಿನ ಮೇಲೆ ಬಗ್ಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಆಮ್ರಪಾಲಿ "ಸಿಸ್ಟರ್, ಸಿಸ್ಟರ್" ಎಂದು ಕರೆಯುತ್ತಿದ್ದಳು. ನಾಲ್ಕು ಬೆಕ್ಕುಗಳು ತಲೆಯೆತ್ತಿ ನೋಡಿದವು. ನಾಲ್ಕೂ ಕಂದು ಬಣ್ಣದವು, ಮೂತಿಗೆಲ್ಲ ರಕ್ತ ಮೆತ್ತಿಕೊಂಡವು. ಅವಳಿಗೆ ಬೇಕಾದದ್ದು ಬಿಳಿ ಬೆಕ್ಕು. ಅವಳು ಹಿಂದೆ ಸರಿದಳು.

ಅವಳ ತಾಯಿ ಕೇಶರಬಾಯಿ ಅಂದು ನಸುಕಿನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದ ಹೆಂಗಸು. ಈಗ ಬೀದರಿನ ಅದೇ ಓಣಿಯಲ್ಲಿ, ತನ್ನ ಎರಡು ಕೋಣೆಯ ಮನೆಯ ಮುಂದೆ, ಶಾಮಿಯಾನದ ಕೆಳಗೆ, ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಕೇಶರಬಾಯಿಯ ತಮ್ಮ ಮಾಣಿಕ ಠಾಣಾ ಕುಶನೂರಿನಲ್ಲಿ ಬಸ್ಸು ಹತ್ತಿಯಾಗಿತ್ತು. ಅವನು ಬಂದು ಮುಖ ನೋಡಿದ ಕೂಡಲೇ ಹೆಣ ಎತ್ತುವುದು ಎಂದು ಆಮ್ರಪಾಲಿಯ ಅಣ್ಣ ನಾಗಸೇನ ಹೇಳಿಬಿಟ್ಟಿದ್ದ. ಬೆಕ್ಕನ್ನು ಹುಡುಕಲು ಉಳಿದದ್ದು ಅಷ್ಟೇ ಹೊತ್ತು.

ನಾಗಸೇನ ಔರಾದದಲ್ಲಿ ಹೆಡ್‌ಮಾಸ್ಟರ್. ಎಲ್ಲವೂ ಗಂಟೆ ಹೊಡೆದಂತೆ ಆಗಬೇಕು. ಬೆಕ್ಕಿನ ಮಾತು ತೆಗೆದಾಗ ಅವನ ಮುಖ ಹುಳ್ಳಗಾಗಿತ್ತು. ಜ್ವರದಲ್ಲಿ ಅಂದ ಮಾತು ಹಿಡಿದುಕೊಂಡು ಕೂರಬೇಡ, ಬೌದ್ಧ ಭಿಕ್ಷು ಭಂತೇಜಿಯ ಮುಂದೆ ಬೆಕ್ಕಿಗೆ ಹೆಣದ ಮುಖ ತೋರಿಸಿದರೆ ಮಂದಿ ನಗುತ್ತಾರೆ ಎಂದಿದ್ದ. ಮಂದಿ ಎಂದರೆ ಯಾರು? ಭಾತಂಬ್ರಾದಿಂದ ಬಂದಿದ್ದ ದೂರದ ನೆಂಟನೊಬ್ಬ ಹೆಣದಿಂದ ಮೂರು ಮಾರು ದೂರದಲ್ಲಿ ಕೂತು ಗುಟ್ಕಾ ಅಗಿಯುತ್ತ, ಅವ್ವ ಬೆಳೆಸಿದ ಕೊತ್ತಂಬರಿ ಮಡಿಗೆ ಪಿಚಕ್ ಎಂದು ಉಗುಳುತ್ತಿದ್ದ. ಈ ಮಂದಿ ನಕ್ಕರೆಷ್ಟು, ಬಿಟ್ಟರೆಷ್ಟು ಎಂದು ಆಮ್ರಪಾಲಿ ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದಳು.

ಅವ್ವ ಜ್ವರದಲ್ಲಿ ಅಂದದ್ದಲ್ಲ. ನಾಲ್ಕು ದಿನದ ಹಿಂದೆ ಆಸ್ಪತ್ರೆಯಲ್ಲಿ ಮಗಳ ಮುಂಗೈ ಹಿಡಿದು, ಚೆನ್ನಾಗಿ ಎಚ್ಚರವಿದ್ದೇ ಅಂದಿದ್ದಳು. "ನಿಮ್ಮಪ್ಪ ಹೈದರಾಬಾದಿನ್ಯಾಗ ಸತ್ತ. ನಾ ಹೋಗೂದ್ರಾಗ ಮಣ್ಣ ಮಾಡಿದ್ರು. ಮುಖ ನೋಡಲಿಲ್ಲ. ಹತ್ತ ವರ್ಷ ಬಸ್ಸಿನಿಂದ ಇಳಿಯೋರ ಮುಖ ನೋಡಕೋತ ನಿಂತೆ. ಆ ಮೂಕ ಪ್ರಾಣಿಗಿ ಹಂಗ ಮಾಡಬ್ಯಾಡ. ನನ್ನ ಮುಖ ತೋರಿಸೇ ಎತ್ರಿ. ಆಮ್ಯಾಲ ಅದು ಹುಡುಕೂದಿಲ್ಲ."

ಖಾಜಾ ಮಿಯಾ ಅರ್ಧ ಶಟರ್ ಎಳೆಯುತ್ತಿದ್ದ. ಅವನ ಮೂರು ಮಕ್ಕಳನ್ನೂ ಮೊದಲು ಎತ್ತಿಕೊಂಡದ್ದು ಕೇಶರಬಾಯಿಯ ಕೈ. ಕೈ ತೊಳೆದು ಅಂಗಿ ಬದಲಿಸಿ ಹೆಗಲು ಕೊಡಲು ಬರುತ್ತೇನೆ ಎಂದ. ಬೆಕ್ಕಿನ ವಿಷಯ ಕೇಳಿದಾಗ ಅವನಿಗೆ ಅಂಥ ಹೊತ್ತಿನಲ್ಲೂ ಸಣ್ಣ ನಗು ಬಂತು.

"ಅದು ನಮ್ಮ ದುಕಾನ ಕಡಿ ಹೊಳ್ಳಿ ನೋಡಲ್ಲ ಬೇಟಿ. ಕೋಳಿ ಕಲೇಜಿ ತುಂಡು ಒಗದ್ರೂ ಮೂಸಲ್ಲ. ತುಪ್ಪದ ರುಚಿ ಹತ್ಯಾದ ಅದಕ್ಕ. ಪ್ರಮಿಲಾಬಾಯಿ ಅವರ ಮನ್ಯಾಗ ನೋಡು."

ಆಮ್ರಪಾಲಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಮನೆಯೊಂದನ್ನು ಬಿಟ್ಟು ಮೋರಿ, ತಿಪ್ಪೆ, ಮುರುಕು ಗೋಡೆಗಳನ್ನೆಲ್ಲ ಹುಡುಕುತ್ತಿದ್ದಳು.

* * *

ಪ್ರಮಿಲಾಬಾಯಿಯ ಗಂಡ ಚಂದ್ರಕಾಂತರಾವ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದವರು. ಅವರ ಮನೆಗೂ ಕೇಶರಬಾಯಿಯ ಮನೆಗೂ ಹಿಂದಿನ ಗೋಡೆ ಒಂದೇ. ಅವರ ಮಗ ಮಕರಂದ ಹುಟ್ಟಿದಾಗ ನಲವತ್ತು ದಿನ ಕೂಸಿಗೂ ಬಾಣಂತಿಗೂ ಎಣ್ಣೆ ತಿಕ್ಕಿ ಎರೆದವಳು ಕೇಶರಬಾಯಿ. ಹಿತ್ತಲಿಂದ ಹೋಗಬೇಕು, ಬಚ್ಚಲಲ್ಲಿ ಎರೆಯಬೇಕು, ಹಿತ್ತಲಿಂದಲೇ ಬರಬೇಕು. ಚಹಾ ಕೊಡುತ್ತಿದ್ದರು. ಅದಕ್ಕೆ ಗ್ಲಾಸು ಮಾತ್ರ ಕೇಶರಬಾಯಿಯೇ ಮನೆಯಿಂದ ಒಯ್ಯಬೇಕು.

ಹನ್ನೆರಡು ವರ್ಷದ ಆಮ್ರಪಾಲಿ ಒಂದು ದಿನ ಆ ಗ್ಲಾಸನ್ನು ಎತ್ತಿ ಮೋರಿಗೆ ಎಸೆದಳು. ಅವ್ವ ಬೈಯಲಿಲ್ಲ. ಮೊಣಕೈತನಕ ಕೈ ಹಾಕಿ, ಕಪ್ಪು ಹೊಲಸಿನಿಂದ ಅದನ್ನು ತೆಗೆದು, ಬೂದಿ ಹಾಕಿ ತಿಕ್ಕಿ, ಮರುದಿನ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅಂದು ಆಮ್ರಪಾಲಿಗೆ ಆ ಮನೆಯವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ಅವ್ವನ ಮೇಲೆ ಬಂದಿತ್ತು. ಮುಂದೆ ಓದಿ ಟೀಚರಾಗಿ ಭಾಲ್ಕಿಗೆ ಹೋದ ಮೇಲೂ ಅದು ಪೂರ್ತಿ ಹೋಗಲಿಲ್ಲ.

ಆರು ವರ್ಷದ ಹಿಂದೆ ಅವ್ವ ಒಂದು ಬಿಳಿ ಮರಿ ತಂದು ಸಾಕಿದಳು. ಹೆಸರು ಸಿಸ್ಟರ್. ನೌಕರಿಯುದ್ದಕ್ಕೂ ಬಿಳಿ ಬಟ್ಟೆಯ ಸಿಸ್ಟರುಗಳ ಹುಕುಂ ಕೇಳಿದವಳಿಗೆ ಈಗ ಹುಕುಂ ಕೊಡಲು ಒಬ್ಬ ಸಿಸ್ಟರ್ ಬೇಕಿತ್ತು. ಆದರೆ ಸಿಸ್ಟರ್ ಯಾರ ಮಾತನ್ನೂ ಕೇಳಲಿಲ್ಲ. ಮಧ್ಯಾಹ್ನವಾಯಿತೆಂದರೆ ಗೋಡೆ ಹಾರಿ ಪ್ರಮಿಲಾಬಾಯಿಯ ಅಡುಗೆಮನೆಗೆ ಹೋಗುತ್ತಿತ್ತು. ಎಲ್ಲಿಂದಲೋ ಬಂದ ಬೆಕ್ಕು ಎಂದುಕೊಂಡು ಅವರು ಅದಕ್ಕೆ ಚಾಂದನಿ ಎಂದು ಹೆಸರಿಟ್ಟು ತುಪ್ಪದನ್ನ ಹಾಕುತ್ತಿದ್ದರು.

ತಿರುಗಿ ಬಂದ ಬೆಕ್ಕಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅವ್ವ ಅದರ ಬಾಯಿ ಮೂಸುತ್ತಿದ್ದಳು. ಇಂದು ಅವರ ಮನೆಯಲ್ಲಿ ಶಿರಾ, ಯಾಲಕ್ಕಿ ಹೆಚ್ಚಾಗಿದೆ. ಇಂದು ಮಜ್ಜಿಗೆಯ ಕಡಿ, ಇಂಗಿನ ಒಗ್ಗರಣೆ. ತಾನು ಒಂದು ದಿನವೂ ಕಾಣದ ಅಡುಗೆಮನೆಯ ಸುದ್ದಿಯನ್ನು ಮಗಳಿಗೆ ಫೋನಿನಲ್ಲಿ ನಗುತ್ತ ಹೇಳುತ್ತಿದ್ದಳು. ಮಗಳಿಗೆ ನಗು ಬರುತ್ತಿರಲಿಲ್ಲ. ಅದು ಯಾರ ಬೆಕ್ಕೆಂದು ಒಮ್ಮೆ ಹೋಗಿ ಹೇಳಿಬಿಡುತ್ತೇನೆ, ಅವರ ಮುಖ ಹೇಗಾಗುತ್ತದೋ ನೋಡೋಣ ಎಂದು ಸಿಡುಕಿದ್ದಳು.

"ಹೇಳಬ್ಯಾಡ," ಎಂದಿದ್ದಳು ಅವ್ವ. "ಹೇಳಿದ್ರ ಅದರ ತುಪ್ಪ ನಿಲ್ತದ."

* * *

ಪ್ರಮಿಲಾಬಾಯಿಯ ಅಡುಗೆಮನೆಗೆ ಓಣಿಯ ಕಡೆಗೂ ಒಂದು ಬಾಗಿಲಿದೆ. ಅದು ತೆರೆದಿತ್ತು. ಸ್ಟೂಲಿನ ಮೇಲೆ ಕೂತಿದ್ದ ಪ್ರಮಿಲಾಬಾಯಿಯ ಕಣ್ಣುಗಳು ನಿಜವಾಗಿಯೂ ಕೆಂಪಾಗಿದ್ದವು. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿಲ್ಲ ಎಂದರು. ಕೇಶರಬಾಯಿಯಂಥ ಕೈ ಇನ್ನು ಎಲ್ಲಿ ಸಿಗಬೇಕು ಎಂದರು. ಬರಬೇಕೆಂದೇ ಇತ್ತು, ಮೊಣಕಾಲು ಕೇಳುವುದಿಲ್ಲ, ಎತ್ತುವಾಗ ಗೇಟಿನಿಂದಲೇ ಕೈ ಮುಗಿಯುತ್ತೇನೆ ಎಂದರು. ಹೇಳುತ್ತ ಹೇಳುತ್ತ ಅವರ ಕೈ ಪಕ್ಕದಲ್ಲಿ ಮಣೆಯ ಮೇಲೆ ಕೂತಿದ್ದ ಸಿಸ್ಟರಿನ ಬೆನ್ನು ಸವರುತ್ತಿತ್ತು. ಅದರ ಮುಂದೆ ಮನೆಯವರು ಉಣ್ಣುವಂಥದೇ ಸ್ಟೀಲಿನ ತಾಟು.

ಆಮ್ರಪಾಲಿ ಹೊಸ್ತಿಲಾಚೆ ನಿಂತು ಒಳಗೆ ಕಣ್ಣಾಡಿಸಿದಳು. ಗ್ಯಾಸಿನ ಒಲೆ, ಉಪ್ಪಿನಕಾಯಿ ಭರಣಿ, ಒಂದು ಕ್ಯಾಲೆಂಡರು. ಇಷ್ಟೇನಾ, ಎನಿಸಿತು. ಮನೆಯಲ್ಲಿ ಇಲಿ ಹೆಚ್ಚಾಗಿವೆ, ಬೆಕ್ಕನ್ನು ಒಂದು ತಾಸು ಕೊಡಿ ಎಂದು ಕೇಳುವುದೆಂದು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದಳು. ಆ ಸುಳ್ಳು ಈಗ ನಾಲಿಗೆಯ ತುದಿಗೆ ಬಂದು ಡ್ರಮ್ಮಿನ ವಾಸನೆಗಿಂತ ಹೆಚ್ಚು ಹೇಸಿಗೆ ತರಿಸಿತು.

"ಕಾಕೂ, ಆ ಬೆಕ್ಕು ಕೊಡ್ರಿ. ಅವ್ವನ ಮುಖ ತೋರಿಸಬೇಕಾಗ್ಯಾದ."

"ನಮ್ಮ ಚಾಂದನಿಗೇನ?" ಪ್ರಮಿಲಾಬಾಯಿಗೆ ಅರ್ಥವಾಗಲಿಲ್ಲ. "ಸತ್ತ ಮನಿಗಿ ನಮ್ಮ ಬೆಕ್ಕ ಹ್ಯಾಂಗ ಕೊಡ್ಲಿವಾ?"

"ಅದು ನಿಮ್ಮದಲ್ರಿ. ಅವ್ವನ ಬೆಕ್ಕು. ಆರು ವರ್ಷದಿಂದ ಅವ್ವನ ಹಾಸಿಗ್ಯಾಗ ಮಲಗ್ತದ, ಅವ್ವನ ತಾಟಿನ್ಯಾಗ ಉಣ್ತದ."

ಸವರುತ್ತಿದ್ದ ಕೈ ನಿಂತಿತು. ಆಮೇಲೆ ಮೆಲ್ಲಗೆ ಮೇಲೆದ್ದಿತು. ಪ್ರಮಿಲಾಬಾಯಿ ಒಂದೂ ಕೆಟ್ಟ ಮಾತಾಡಲಿಲ್ಲ. ಅಂಗೈಯನ್ನು ಸೀರೆಯ ಮಗ್ಗುಲಿಗೆ ಒಮ್ಮೆ ಒರೆಸಿದರು, ಮತ್ತೊಮ್ಮೆ ಒರೆಸಿದರು. ಒರೆಸುತ್ತಿದ್ದೇನೆಂದು ಅವರಿಗೇ ತಿಳಿದಿರಲಿಕ್ಕಿಲ್ಲ.

"ನನಗ ಗೊತ್ತೇ ಇರಲಿಲ್ಲ ನೋಡು," ಎಂದರು. "ಕೇಶರಬಾಯಿ ಒಂದ ಮಾತ ಹೇಳಬಾರದಿತ್ತೇನ? ತಗೊಂಡ ಹೋಗವಾ, ತಗೊಂಡ ಹೋಗು." ಎಂದು ಮಣೆಯನ್ನು ಕಾಲಿನಿಂದ ಬಾಗಿಲ ಕಡೆಗೆ ಸರಿಸಿದರು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸೀರೆಗೆ ಕೈ ಒರೆಸಿಕೊಂಡವರಿಗೆ ಏನೆನ್ನುವುದು? ಬೆಕ್ಕನ್ನು ಎದೆಗವಚಿಕೊಂಡು ಹೊರಟಾಗ ಆಮ್ರಪಾಲಿಗೆ ಆ ಕೈಯ ಮೇಲೆ ಹೇಸಿಗೆ ಬಂತು, ಆ ತಾಟಿನ ಮೇಲೆ ಬಂತು, ಅವ್ವ ಆರು ವರ್ಷ ಕಾಪಾಡಿದ ಗುಟ್ಟನ್ನು ಒಂದು ಗಳಿಗೆಯಲ್ಲಿ ಒಡೆದ ತನ್ನ ಬಾಯಿಯ ಮೇಲೂ ಬಂತು.

* * *

ಮಾಣಿಕ ಬಂದಾಗಿತ್ತು. ಅಕ್ಕನ ಕಾಲ ಬಳಿ ಕೂತು ಅಳುತ್ತಿದ್ದ ಮುದುಕ, ಬೆಕ್ಕನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ನಾಗಸೇನ ಮೊಬೈಲು ನೋಡುತ್ತ ಮುಖ ತಿರುಗಿಸಿದ. ಯಾರೂ ನಗಲಿಲ್ಲ. ಸಿಸ್ಟರ್ ದಿಂಬಿನ ಬಳಿ ಇಳಿದು, ಅವ್ವನ ಗದ್ದ ಮೂಸಿತು, ಮೂಗಿನ ಹತ್ತಿ ಮೂಸಿತು, ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಮಂದಿಯ ಕಾಲುಗಳ ನಡುವೆ ನುಸುಳಿ ಹೋಗಿಬಿಟ್ಟಿತು. ಆಮ್ರಪಾಲಿಗೆ ಆಗ ಅಳು ಬಂತು. ಬೆಳಗಿನಿಂದ ಬಂದಿರಲಿಲ್ಲ.

ಭಂತೇಜಿ ತ್ರಿಶರಣ ಪಂಚಶೀಲ ಹೇಳಿಸಿದರು. ಮೂರು ಗಂಟೆಗೆ ಎತ್ತಿದರು. ಮುಂದೆ ನಾಗಸೇನ ಮತ್ತು ಖಾಜಾ ಮಿಯಾ ಹೆಗಲು ಕೊಟ್ಟಿದ್ದರು. ಹೆಂಗಸರೊಂದಿಗೆ ಆಮ್ರಪಾಲಿ ಹಿಂದೆ ನಡೆದಳು. ಓಣಿ ತಿರುಗುವಲ್ಲಿ ಪ್ರಮಿಲಾಬಾಯಿ ಗೇಟಿನೊಳಗೆ ನಿಂತು ಕೈ ಮುಗಿದು ಅಳುತ್ತಿದ್ದರು. ಆ ಅಳುವಿನಲ್ಲಿ ಕಪಟವಿರಲಿಲ್ಲ.

ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಬಕೆಟ್ಟಿನಿಂದ ನೀರು ಸುರಿದು ಪೊರಕೆಯಿಂದ ತಿಕ್ಕುತ್ತಿದ್ದ ಸಪ್ಪಳ ಓಣಿಗೆ ಕೇಳುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಸ್ಟೀಲಿನ ತಾಟು, ಅದರಲ್ಲಿ ಬರೀ ಒಣ ಅನ್ನ. ಸಿಸ್ಟರ್ ಅದನ್ನು ಮೂಸಿಯೂ ನೋಡದೆ, ಬಾಗಿಲಿಗೆ ಮುಖ ಮಾಡಿ ಕೂತು ಉಗುರಿನಿಂದ ಪರಚುತ್ತಿತ್ತು. ಬಾಗಿಲ ಸಂದಿಯಿಂದ ತೊಳೆದ ನೀರು ಹರಿದು ಬಂದು ಅದರ ಮುಂಗಾಲಿಗೆ ತಾಕಿತು. ಅದು ಕಾಲು ಎತ್ತಿ, ಅಂಟಿದ ನೀರನ್ನು ಪಟಪಟನೆ ಝಾಡಿಸಿತು.