ಮುದ್ದೆ ಕಟ್ಟಿದ ಕೈ

"ಮುಟ್ಬೇಡ, ಅದನ್ನ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ನಿಂಗೆ, ದರಿದ್ರದೋಳೇ."

ರುಕ್ಮಿಣಮ್ಮ ಬೈಯುತ್ತಿದ್ದದ್ದು ನ್ಯಾಬೋಕೆಯನ್ನು. ನ್ಯಾಬೋಕೆಗೆ ಕನ್ನಡ ಬರುವುದಿಲ್ಲ, ಆದರೆ ಬೈಗುಳ ಅರ್ಥವಾಗುವುದಕ್ಕೆ ಭಾಷೆ ಯಾಕೆ ಬೇಕು. ಕುಡಿಯುವ ನೀರಿನ ಕೊಳಗದ ಮುಚ್ಚಳ ಜಾರಿ ಬಿದ್ದಿತ್ತು, ಅವಳು ಎತ್ತಿ ಮುಚ್ಚಿದ್ದಳು. ಅಷ್ಟೇ ಅವಳು ಮಾಡಿದ ಪಾಪ. ಈ ಮನೆಯಲ್ಲಿ ನೆಲ, ಬಟ್ಟೆ, ಪಾಯಿಖಾನೆ ಅವಳ ಪಾಲು, ಒಲೆ ನನ್ನ ಪಾಲು. ಅಡುಗೆಮನೆಗೆ ಹೊಸ್ತಿಲು ಅಂತ ಏನೂ ಇಲ್ಲ, ಆದರೂ ಗೆರೆ ಎಲ್ಲಿದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಅಮ್ಮ ನೀರನ್ನೆಲ್ಲ ಸಿಂಕಿಗೆ ಸುರಿಸಿ, ಹುಣಿಸೆಹಣ್ಣು ಹಾಕಿ ತಿಕ್ಕು ಅಂದರು. "ಅವಳು ಕಾಡುಜನ, ಅವಳಿಗೆ ತಿಳಿಯಲ್ಲ. ನೀನು ನಮ್ಮೋಳು. ನೀನಿದ್ದೂ ಹಿಂಗಾದ್ರೆ ಹೆಂಗೆ ಮಾದೇವಮ್ಮ?"

ನಮ್ಮೋಳು ಅಂದಾಗಲೆಲ್ಲ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ನಾನು ಅವರೋಳಲ್ಲ.

ನಮ್ಮ ಚಾಮರಾಜನಗರದ ಕಡೆ ಮಾದೇವಮ್ಮ ಅನ್ನುವ ಹೆಸರು ಮೇಲಿನ ಬೀದಿಯಲ್ಲೂ ಇದೆ, ನಮ್ಮ ಕೇರಿಯಲ್ಲೂ ಇದೆ. ಮಾದಪ್ಪ ಯಾರನ್ನೂ ಹೆಸರು ಇಟ್ಟುಕೊಳ್ಳಬೇಡಿ ಅನ್ನಲಿಲ್ಲ. ಮೈಸೂರಿನ ಏಜೆಂಟು ನನ್ನ ಕೊರಳಿಗೆ ಒಂದು ಲಿಂಗ ಕಟ್ಟಿ, ಹಣೆಗೆ ವಿಭೂತಿ ಬಳಿದು, ಅವರಿಗೆ ಅವರ ಜನದ ಅಡುಗೆಯವಳೇ ಬೇಕಂತೆ, ಬಾಯಿ ಮುಚ್ಚಿಕೊಂಡಿದ್ದರೆ ನೈರೋಬಿಯಲ್ಲಿ ಯಾರು ಕೇಳುತ್ತಾರೆ ಅಂದ. ಥೂ ಅವನ. ಎಲ್ಲರೂ ಕೇಳುತ್ತಾರೆ. ಇಲ್ಲಿ ಕನ್ನಡದವರು ಸಿಕ್ಕಿದರೆ ಮೊದಲು ಯಾವೂರು ಅಂತಾರೆ, ಆಮೇಲೆ ಯಾರ ಪೈಕಿ ಅಂತಾರೆ. ಕರೆಗಂಟೆ ಬಾರಿಸಿದರೆ ಸಾಕು, ಕೊರಳ ಲಿಂಗವನ್ನು ಸೆರಗಿನ ಮೇಲಕ್ಕೆ ಎಳೆದುಕೊಳ್ಳುತ್ತೇನೆ. ನನ್ನ ಪಾಸ್‌ಪೋರ್ಟು ಅಮ್ಮನ ಗಂಡ ಈರಣ್ಣ ಸಾಹೇಬರ ಕಪಾಟಿನಲ್ಲಿದೆ. ಊರಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಗೊತ್ತಾದರೆ ಏನು ಮಾಡುತ್ತಾರೋ ಅಂತ ಯೋಚಿಸುವುದಕ್ಕೂ ನನಗೆ ಧೈರ್ಯವಿಲ್ಲ. ಊರಲ್ಲಿ ನಮ್ಮ ಚಿಕ್ಕಪ್ಪ ದೇವಸ್ಥಾನದ ಜಗಲಿ ಹತ್ತಿದ್ದಕ್ಕೆ ಏನು ಮಾಡಿದರು ಅನ್ನುವುದು ನೆನಪಿದೆ.

ಹೋದ ತಿಂಗಳು ಕುದಿಯುವ ಎಸರು ನನ್ನ ಬಲಗೈ ಮೇಲೆ ಚೆಲ್ಲಿತು. ಮೊಣಕೈವರೆಗೆ ಬೊಬ್ಬೆ. ಉದ್ದ ತೋಳಿನ ರವಿಕೆ ಹಾಕಿ ಮುಚ್ಚಿಕೊಂಡೆ, ಯಾಕೆಂದರೆ ಕೈಲಾಗದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ. ಪಲ್ಯ ಸಾರು ಹೇಗೋ ಎಡಗೈಯಲ್ಲಿ ಆಗುತ್ತಿತ್ತು. ಮುದ್ದೆ ಆಗುತ್ತಿರಲಿಲ್ಲ. ಈರಣ್ಣ ಸಾಹೇಬರು ತಿಪಟೂರು ಕಡೆಯವರು, ಔಷಧಿ ಕಂಪನಿಯಲ್ಲಿ ದೊಡ್ಡ ಮ್ಯಾನೇಜರು, ಆದರೂ ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ತಟ್ಟೆ ತಳ್ಳುತ್ತಾರೆ. ಕೋಲು ಹಿಡಿದು ತೊಳಸಲು ಹೋಗಿ ಕಣ್ಣು ಕತ್ತಲೆ ಬಂದಿತು. ಹಿತ್ತಿಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ನ್ಯಾಬೋಕೆ ನೋಡಿದಳು. ಹಾಗೇ ಬಂದಳು, ಕೈ ತೊಳೆದಳು, ಕೋಲು ಕಿತ್ತುಕೊಂಡಳು.

ಅವಳು ಇಲ್ಲಿನ ಕಿಸಿ ಸೀಮೆಯವಳು. ಅಲ್ಲೂ ರಾಗಿ ಬೆಳೆಯುತ್ತಾರಂತೆ, ವಿಂಬಿ ಅಂತಾರೆ, ಅದರದೇ ಉಗಾಲಿ, ಅಂದರೆ ಅವರ ಮುದ್ದೆ, ತಿರುವಿ ಮಕ್ಕಳನ್ನು ಸಾಕಿದವಳು. ಪಾತ್ರೆ ನೆಲಕ್ಕಿಳಿಸಿ, ಸೊಂಟ ಬಾಗಿಸಿ, ಅದನ್ನು ಪಾದದಲ್ಲಿ ಒತ್ತಿ ಹಿಡಿದು ನಾಲ್ಕು ಸುತ್ತು ಸುತ್ತಿದಳು ನೋಡಿ, ನಮ್ಮವ್ವನೇ ಬಂದು ಕುಂತ ಹಾಗಾಯಿತು. ನಾನು ಅತ್ತುಬಿಟ್ಟೆ. ಅವಳು ನಕ್ಕಳು. ಅಂದಿನಿಂದ ಅಮ್ಮ ವಾಕಿಂಗಿಗೋ ಜಳಕಕ್ಕೋ ಹೋದಾಗ ಮುದ್ದೆ ಅವಳ ಕೈಯದ್ದೇ. ಸಾಹೇಬರು ಈಚೀಚೆಗೆ ಎರಡೆರಡು ಉಣ್ಣುತ್ತಿದ್ದರು.

ಒಂದು ಸಲ ನಾನು ಹರಕುಮುರುಕು ಸ್ವಾಹಿಲಿಯಲ್ಲಿ, ಕೈಸನ್ನೆಯಲ್ಲಿ ಅವಳಿಗೆ ಹೇಳಲು ನೋಡಿದೆ, ನನ್ನ ಊರಲ್ಲಿ ನನಗೂ ಹೀಗೇ ಅಂತ. ಅವಳು ನಂಬಲಿಲ್ಲ. ನೀನು ಮುಹಿಂದಿ, ಅವರೂ ಮುಹಿಂದಿ, ಇಂಡಿಯಾದವರೆಲ್ಲ ಒಂದೇ ಅಂದಳು. ಅವಳ ಬಣ್ಣ ಗೇಟಿನಿಂದಲೇ ಕಾಣುತ್ತದೆ. ನನ್ನ ಕೇರಿ ಕಾಣುವುದಿಲ್ಲ. ಅದಕ್ಕೇ ನಾನು ಒಳಗೆ, ಅವಳು ಹೊರಗೆ.

ನೈರೋಬಿಯ ಲೊರೆಶೋ ಬಡಾವಣೆಯಲ್ಲಿ, ಗೇಟು ಹಾಕಿದ ಮನೆಗಳ ನಮ್ಮ ಎಸ್ಟೇಟಿನಲ್ಲಿ, ಮನೆ ಮಾಲೀಕರ ಸಂಘದ ಚುನಾವಣೆ ಬಂತು. ಸಾಹೇಬರು ಅಧ್ಯಕ್ಷರಾಗಲು ನಿಂತರು. ಹಳೇ ಶಿಸ್ತು ವಾಪಸು ತರುತ್ತೇನೆ ಅಂತ ಅವರ ಮಾತು. ಕೆಲಸದವರು ಹಿಂದಿನ ಓಣಿಯಿಂದ ಬರಬೇಕು, ಹುಲ್ಲಿನ ಮೇಲಿನ ಬೆಂಚಿನಲ್ಲಿ ಕೂರಬಾರದು, ಕ್ಲಬ್‌ಹೌಸಿನ ಕಕ್ಕಸು, ನಲ್ಲಿ ಮುಟ್ಟಬಾರದು. ಕೆಲಸದವರು ಅಂದರೆ ಕರಿಯರು ಅಂತ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ನಾನೂ ಕೆಲಸದವಳೇ, ಆದರೆ ಮುಂದಿನ ಗೇಟಿನಲ್ಲಿ ನನ್ನನ್ನು ಯಾರೂ ತಡೆಯುತ್ತಿರಲಿಲ್ಲ.

ಈ ಭಾನುವಾರ ಓಟಿನವರನ್ನು ಊಟಕ್ಕೆ ಕರೆದರು. ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ. ಬಂದವರಲ್ಲಿ ಇಬ್ಬರನ್ನು ಹೇಳಬೇಕು. ಒಬ್ಬರು ಪ್ಯಾಸ್ಕಲ್ ಬಾಯರು, ಮಂಗಳೂರಿನ ಕ್ರಿಸ್ತುವರು, ಮೂರು ತಲೆಮಾರಿನಿಂದ ಇಲ್ಲೇ ಇರುವವರು. ಇನ್ನೊಬ್ಬ ನಂದನ್, ಹೊಸದಾಗಿ ಬಂದ ಇಂಜಿನಿಯರು. ಗುಂಡ್ಲುಪೇಟೆಯವನು. ನಮ್ಮ ಪಕ್ಕದ ಸೀಮೆ. ಅವನ ಊರು ಕೇಳಿದಾಗಿನಿಂದ ಅವನ ತಟ್ಟೆ ಕಡೆಗೆ ಕೊನೆಗೇ ಹೋಗುತ್ತಿದ್ದೆ. ಸಾರು ಬಡಿಸುವಾಗ ಅವನು ನಗುತ್ತಾ, ನೀವು ನಮ್ಮ ಕಡೆಯವರಂತೆ, ಯಾವ ಬೀದಿ ಅಂದ. ಒಲೆ ಮೇಲೆ ಇಟ್ಟಿದ್ದೀನಿ ಬಂದೆ ಅಂತ ಒಳಗೆ ಓಡಿದೆ.

ಒಳಗಿನಿಂದಲೇ ಸಾಹೇಬರ ಮಾತು ಕೇಳುತ್ತಿತ್ತು. "ಕಾನೂನು ಗೀನೂನು ಬೇರೆ. ಇದು ಸಂಪ್ರದಾಯ. ಅವರು ಅವರ ಥರ ಇರ್ಲಿ, ನಾವು ನಮ್ಮ ಥರ. ಇದ್ರಲ್ಲಿ ಬಣ್ಣ ಎಲ್ಲಿಂದ ಬಂತು?"

ಪ್ಯಾಸ್ಕಲ್ ಬಾಯರು ಮೆಲ್ಲಗೆ ಹೇಳಿದರು, "ಬಿಳಿಯರೂ ಅದನ್ನೇ ಹೇಳ್ತಿದ್ದದ್ದು ಮಾರಾಯ್ರೆ. ನನ್ನ ಅಜ್ಜ ರೈಲ್ವೆಯಲ್ಲಿ ಗುಮಾಸ್ತ. ಈ ಲೊರೆಶೋದಲ್ಲಿ ಅವರಿಗೆ ಮನೆ ಮಾಡ್ಲಿಕ್ಕೆ ಬಿಡ್ತಿರ್ಲಿಲ್ಲ. ಅವರವರು ಅವರವರ ಜಾಗದಲ್ಲಿ, ಅಂತ."

ಸಾಹೇಬರು ನಕ್ಕು, ಬಾಯರಿಗೆ ಮುದ್ದೆ ನುಂಗಲು ಬರುತ್ತಿಲ್ಲ, ಅದಕ್ಕೇ ಸಿಟ್ಟು ಅಂದರು. ಎಲ್ಲರೂ ನಕ್ಕರು. ಬಾಯರೂ ನಕ್ಕರು. ಮುದ್ದೆಯನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಇದು ನಮ್ಮ ರಕ್ತದಲ್ಲಿ ಬರಬೇಕು, ಬೇರೆಯವರ ಕೈಗೆ ಕೂರುವ ವಿದ್ಯೆಯಲ್ಲ ಅಂತ ಸಾಹೇಬರು ಹೇಳಿ, ಇನ್ನೊಂದು ಸುತ್ತು ಬಿಸಿ ತರಲು ಕೂಗಿದರು.

ಅಮ್ಮ ಬಂದವರ ಜೊತೆ ಕೂತಿದ್ದಾರೆ ಅನ್ನುವ ಧೈರ್ಯದಲ್ಲಿ ಎರಡನೇ ಸುತ್ತನ್ನು ನ್ಯಾಬೋಕೆ ಆಗ ಕಟ್ಟುತ್ತಿದ್ದಳು. ಒದ್ದೆ ಕೈ, ಹಬೆ, ಅಂಗೈಯಲ್ಲಿ ಉರುಳುವ ಮುದ್ದೆ. ರುಕ್ಮಿಣಮ್ಮ ತುಪ್ಪದ ಬಟ್ಟಲು ತುಂಬಿಸಿಕೊಳ್ಳಲು ತಾವೇ ಒಳಗೆ ಬಂದರು.

ಅವರ ಕಿರುಚಾಟಕ್ಕೆ ಎಲ್ಲರೂ ಎಂಜಲು ಕೈಯಲ್ಲೇ ಓಡಿಬಂದರು. ಸಾಹೇಬರು ನ್ಯಾಬೋಕೆಯ ಮಣಿಕಟ್ಟು ತಿರುಚಿ ಹಿಡಿದರು. ಊಟಕ್ಕೆ ಏನೋ ಬೆರೆಸುತ್ತಿದ್ದಳು, ನಾನೇ ಕಂಡೆ ಅಂತ ಅಮ್ಮ ಅಂದರು. ಪೊಲೀಸರಿಗೆ ಫೋನ್ ಮಾಡು ಅಂತ ಯಾರೋ ಅಂದರು. ವಿಷ ಅನ್ನುವ ಮಾತು ಯಾರ ಬಾಯಿಂದ ಬಂತೋ ಗೊತ್ತಿಲ್ಲ, ಬಂತು. ಪೊಲೀಸು ಅನ್ನುವ ಮಾತು ನ್ಯಾಬೋಕೆಗೆ ಅರ್ಥವಾಯಿತು. ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತು. ಈ ಮನೆಯ ಯಜಮಾನ ಒಂದು ಮಾತು ಹೇಳಿದರೆ ಅವಳು ಎಷ್ಟು ಕಾಲ ಒಳಗಿರಬೇಕಾಗುತ್ತದೋ. ಅವಳು ನನ್ನ ಕಡೆ ನೋಡಿದಳು. ಇವಳೇ ಕರೆದಳು ಅಂತ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ನನಗೆ ಉಚ್ಚೆ ಬರುವಷ್ಟು ಹೆದರಿಕೆ. ಆದರೂ ಬಾಯಿ ಬಿಟ್ಟೆ. "ನಾನೇ ಕರ್ದಿದ್ದು. ನನ್ ಕೈ ಸುಟ್ಟೋಗದೆ."

ಸಾಹೇಬರು ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ನಮ್ಮೋಳಾಗಿ ನೀನು ಇಂಥಾ ಕೆಲ್ಸ ಮಾಡಲ್ಲ, ನಂಗೊತ್ತು. ಹೆದರ್ಸಿದ್ಲು, ಅಲ್ವಾ? ಹೆದರ್ಸಿದ್ಲು ಅನ್ನು. ಅಷ್ಟು ಸಾಕು."

ಅಷ್ಟು ಸಾಕಾಗಿತ್ತು. ಒಂದು ತಲೆ ಅಲ್ಲಾಡಿಸಿದ್ದರೆ ನಾನು ನಾಳೆಯೂ ಒಲೆ ಮುಂದೆ ಇರುತ್ತಿದ್ದೆ. ಅವರು ನ್ಯಾಬೋಕೆಯ ಕೈಯನ್ನು ಇನ್ನೂ ತಿರುಚಿದರು, ಅವಳು ಅಯ್ಯೋ ಅಂದದ್ದು ನಮ್ಮ ಕೇರಿಯ ಹೆಂಗಸು ಅಂದ ಹಾಗೇ ಕೇಳಿತು.

"ಬುಟ್ಬುಡಿ ಬುದ್ಧೀ," ಅಂದುಬಿಟ್ಟೆ. "ಅವಳ್ದೇನೂ ತೆಪ್ಪಿಲ್ಲ, ಕಾಲಿಗ್ ಬೀಳ್ತಿನಿ ಬುದ್ಧೀ."

ಬುದ್ಧಿ. ನಮ್ಮ ಸೀಮೆಯಲ್ಲಿ ಕೇರಿಯ ಜನ ಮೇಲಿನ ಬೀದಿಯವರನ್ನು ಕರೆಯುವ ಮಾತು ಅದು. ಮೇಲಿನ ಬೀದಿಯವರು ಸತ್ತರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಎರಡು ವರ್ಷ ಸಾರ್, ಸಾರ್ ಅಂತ ನಾಲಿಗೆ ಪಳಗಿಸಿದ್ದೆ. ಹೆದರಿಕೆಗೆ ಹಳೇ ನಾಲಿಗೆ ಹೊರಳಿತು. ತಿಪಟೂರಿನ ಸಾಹೇಬರಿಗೆ ಏನೂ ಅನ್ನಿಸಲಿಲ್ಲ. ನಂದನ್ ಮಾತ್ರ ಮುಖ ಎತ್ತಿದ.

"ಏನಂದೆ?" ಮೊದಲು ನೀವು ಅಂದಿದ್ದವನು ಈಗ ನೀನು ಅಂದ. "ಯಾವ ಬೀದಿ ನಿಂದು?"

ಇನ್ನೂ ಸುಳ್ಳು ಹೇಳಬಹುದಿತ್ತು. ನಾಲಿಗೆ ಮೇಲೆ ಸುಳ್ಳು ಸಿದ್ಧವಾಗಿಯೇ ಇತ್ತು. ಯಾಕೋ ಸಾಕಾಗಿ ಹೋಗಿತ್ತು.

"ಬೀದಿ ಅಲ್ಲ ಕನಪ್ಪ, ಕೇರಿ. ಊರಾಚೆ ಹೊಲಗೇರಿ. ಎಲ್ಡು ವರ್ಸದಿಂದ ಈ ಮನೆ ನೈವೇದ್ಯನೂ ನಾನೇ ಮಾಡಿವ್ನಿ, ಹೋದ್ ತಿಂಗ್ಳಿಂದ ಮುದ್ದೆ ಇವಳು ಮಾಡವಳೆ. ನೀವೆಲ್ಲ ಚೆಂದಾಗದೆ ಅಂತ ಉಂಡಿವ್ರಿ. ಪೋಲೀಸ್ರಿಗೆ ಅದನ್ನೂ ಹೇಳಿ."

ರುಕ್ಮಿಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದರು. ಅವರು ವಾಂತಿ ಮಾಡುವ ಸದ್ದು ಮನೆಯಲ್ಲೆಲ್ಲ ಕೇಳಿತು. ನಂದನ್ ತನ್ನ ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದ. ಪ್ಯಾಸ್ಕಲ್ ಬಾಯರು ನೆಲ ನೋಡುತ್ತಿದ್ದರು. ಸಾಹೇಬರು ನ್ಯಾಬೋಕೆಯ ಕೈ ಬಿಟ್ಟರು. ನನ್ನನ್ನು ಹೊಡೆಯಲು ಕೈ ಎತ್ತಿ, ಮುಟ್ಟಬೇಕಾಗುತ್ತದೆ ಅಂತಲೋ ಏನೋ, ಹಾಗೇ ಇಳಿಸಿದರು. ಗೇಟು ಕಾಯುವ ಅಸ್ಕಾರಿಗೆ ಹೇಳಿ, ಇಬ್ಬರೂ ಹೊರಗೆ ಹೋಗಬಾರದು ಅಂತ ಅರಚುತ್ತಾ ಎಲ್ಲರನ್ನೂ ನಡುಮನೆಗೆ ಕರೆದುಕೊಂಡು ಹೋದರು.

ನಾನು ಅಡುಗೆಮನೆಯ ಬಾಗಿಲು ಹಾಕಿ ಚಿಲಕ ಜಡಿದೆ. ಹಿತ್ತಿಲ ಬಾಗಿಲನ್ನೂ ಹಾಕಿದೆ.

ನ್ಯಾಬೋಕೆ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಪಿಸುಗುಟ್ಟಿದಳು. "ಉಮೆಸೆಮಾ ನಿನಿ?" ಏನು ಹೇಳಿದೆ ಅಂತ. ಅದನ್ನು ಹೇಳುವಷ್ಟು ಸ್ವಾಹಿಲಿ ನನಗೆ ಬರುವುದಿಲ್ಲ. ಹಿತ್ತಿಲ ಬಾಗಿಲಾಚೆ ಅವಳು ದಿನಾ ನಿಲ್ಲುತ್ತಿದ್ದ ಜಾಗವನ್ನು ತೋರಿಸಿದೆ, ನನ್ನ ಎದೆ ಮುಟ್ಟಿಕೊಂಡೆ. "ಮಿಮಿ ಪಿಯಾ," ಅಂದೆ. ನಾನೂ ಅಷ್ಟೇ.

ಅವಳು ನನ್ನನ್ನು ತುಂಬಾ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಬಾಗಿಲು ಬಡಿಯಲು ಶುರುಮಾಡಿದರು. ಮಾದೇವಮ್ಮ ಅನ್ನುತ್ತಿದ್ದವರು ಜಾತಿ ಹಿಡಿದು ಕೂಗುತ್ತಿದ್ದರು, ಅವಳನ್ನು ಬಣ್ಣ ಹಿಡಿದು. ಹೊರಗೆ ಓಣಿಯಲ್ಲಿ ವಾಹನ ನಿಂತ ಸದ್ದಾಯಿತು, ಪೊಲೀಸರದೇ ಇರಬೇಕು. ಸಾಹೇಬರು ಉಣ್ಣುವ ದೊಡ್ಡ ತಟ್ಟೆ ತೆಗೆದು ನೆಲಕ್ಕಿಟ್ಟೆ. ಅವಳು ಕಟ್ಟಿದ ಮುದ್ದೆ ಎರಡು ಹಾಕಿ, ಸಾರು ಸುರಿದು, ಪಕ್ಕದಲ್ಲಿ ಕೂತುಕೋ ಅಂದೆ. ಕೂತಳು.

ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೇವೆ. ಚಿಲಕದ ಒಂದು ಮೊಳೆ ಆಗಲೇ ಕಿತ್ತು ಬಂದಿದೆ.